ಪೆನ್ಷನ್‌ಗೆ ಹೊರಟವರ ಮೆಡಿಕಲ್ ಫೈಲ್

ಸೈನ್ಯದಲ್ಲಿ ನಾನು ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಯುನಿಟ್‌ನ ಎಂಐ ರೂಮ್‌ನಲ್ಲಿ, ಅಂದರೆ ಯುನಿಟ್‌ನ ಚಿಕ್ಕ ದವಾಖಾನೆಯಲ್ಲಿ, ಮಾತ್ರೆ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಇಂಜೆಕ್ಷನ್ ಹಾಕುವುದು, ಇಷ್ಟೇ ಕೆಲಸ. ಕೊನೆಯ ಕೆಲವು ವರ್ಷ ಇನ್ನೊಂದು ಕೆಲಸ ತಾನಾಗಿ ಗಂಟುಬಿತ್ತು. ಪೆನ್ಷನ್‌ಗೆ ಹೋಗುವವರ ಮೆಡಿಕಲ್ ಕಾಗದ ಹುಡುಕಿ ಕೊಡುವುದು. ನೌಕರಿಯಲ್ಲಿ ಬಂದ ಕಾಯಿಲೆಗೆ, ಪೆಟ್ಟಿಗೆ ಡಿಸೆಬಿಲಿಟಿ ಪೆನ್ಷನ್ ಕೇಳಬೇಕಾದರೆ ಆ ಕಾಗದ ಬೇಕು. ಯಾರೂ ಆರ್ಡರ್ ಮಾಡಿರಲಿಲ್ಲ. ಒಂದು ಫೋನ್ ಬಂತು, ಅಲ್ಲಿಂದ ಶುರು.

ನಮ್ಮ ಜೊತೆಗಿದ್ದ ಒಬ್ಬ ಹವಾಲ್ದಾರರು, ಫಿರಂಗಿ ರೆಜಿಮೆಂಟಿನವರು. ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಮಾತಾಡಿದ್ದು ಅವರ ಹೆಂಡತಿ. "ಅಣ್ಣಾರ, ಇವರಿಗೆ ಕಿವಿ ಪೂರಾ ಕೇಳಂಗಿಲ್ರೀ. ಎಲ್ಲಿ ಹೋದರೂ ಹಳೇ ಕಾಗದ ಕೇಳ್ತಾರ. ಎಲ್ಲಿ ಸಿಗ್ತಾವ್ರೀ?"

ನನಗೆ ಅವರ ಕಿವಿಯ ಕಥೆ ಗೊತ್ತಿತ್ತು. ಫೈರಿಂಗ್ ಮುಗಿಸಿ ಬಂದಾಗಲೆಲ್ಲ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂತ ಬರುತ್ತಿದ್ದರು. ಆಸ್ಪತ್ರೆಗೆ ಕಳಿಸುತ್ತೇನೆ ಅಂದರೆ ಬೇಡ ಅನ್ನುತ್ತಿದ್ದರು. ಮೆಡಿಕಲ್ ಕ್ಯಾಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿದರೆ ಪ್ರಮೋಷನ್ ನಿಂತುಬಿಡುತ್ತದೆ ಅನ್ನುವ ಭಯ. ನಾನೂ ಸುಮ್ನೆ ಬಿಟ್ಟೆ. ಕೊನೆಗೆ ಶೇಪ್-1 ಅಂತಲೇ, ಅಂದರೆ ಎಲ್ಲ ಸರಿ ಇದೆ ಅಂತಲೇ ಮನೆಗೆ ಹೋದರು. ಹತ್ತು ರೂಪಾಯಿ ಕಟ್ಟಿ ರೆಕಾರ್ಡ್ ಆಫೀಸ್‌ಗೆ ಆರ್‌ಟಿಐ ಅರ್ಜಿ ಹಾಕಿಸಿದೆ. 30 ದಿನದೊಳಗೆ ಉತ್ತರ ಕೊಡಬೇಕು, ಬಂತು ಕೂಡ. ಹೊರಡುವ ಮುಂಚಿನ ಮೆಡಿಕಲ್‌ನ ಜೆರಾಕ್ಸ್. ಅದರಲ್ಲಿ ಎರಡೂ ಕಿವಿ ನಾರ್ಮಲ್. ಇಲ್ಲದ ಕಾಗದವನ್ನು ಆರ್‌ಟಿಐ ಎಲ್ಲಿಂದ ತರುತ್ತದೆ?

ಅದಾದ ಮೇಲೆ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಯಾರಿಗೆ ಇನ್ನೊಂದು ವರ್ಷ ಉಳಿದಿದೆಯೋ ಅವರನ್ನು ಒಂದು ಸಂಜೆ ಕರೆದು ಕೂರಿಸಿಕೊಳ್ಳುವುದು. ಕೊನೆಯ ತಿಂಗಳಲ್ಲಿ ಆಗುವ ಕೆಲಸ ಅಲ್ಲ ಇದು. ಕೊನೆಯ ತಿಂಗಳು ಸಾಮಾನು ಕಟ್ಟುವುದರಲ್ಲಿ, ಕ್ಲಿಯರೆನ್ಸ್‌ಗೆ ಸಹಿ ಹಾಕಿಸುವುದರಲ್ಲಿ, ಪಾರ್ಟಿಯಲ್ಲಿ ಹೋಗಿಬಿಡುತ್ತದೆ.

ಮೊದಮೊದಲು "ಏನೇನು ಕಾಯಿಲೆ ಆಗಿತ್ತು?" ಅಂತ ಕೇಳುತ್ತಿದ್ದೆ. ಎಲ್ಲರದೂ ಒಂದೇ ಉತ್ತರ, "ಏನೂ ಇಲ್ಲ." ಆಮೇಲೆ ಪ್ರಶ್ನೆ ಬದಲಾಯಿಸಿದೆ. ಸೈನಿಕನಿಗೆ ಕಾಯಿಲೆ ನೆನಪಿರುವುದಿಲ್ಲ, ಪೋಸ್ಟಿಂಗ್ ನೆನಪಿರುತ್ತದೆ. "ಸಿಯಾಚಿನ್‌ನಲ್ಲಿ ಇದ್ದಾಗ?" ಅಂದರೆ ಸಾಕು, "ಹೌದು, ಬೆರಳು ಕಪ್ಪಾಗಿತ್ತು, ಹೆಲಿಕಾಪ್ಟರ್‌ನಲ್ಲಿ ಕೆಳಗೆ ತಂದಿದ್ದರು" ಅಂತ ಶುರುವಾಗುತ್ತದೆ. ಮೊದಲ ಪೋಸ್ಟಿಂಗ್‌ನಿಂದ ಹಿಡಿದು ಒಂದೊಂದೇ ಜಾಗ ಕೇಳಿಕೊಂಡು ಬಂದರೆ ಒಂದು ಹಾಳೆ ತುಂಬುತ್ತದೆ. ಆ ಹಾಳೆ ಹಿಡಿದು ಒಂದೊಂದು ಆಸ್ಪತ್ರೆಗೂ ಯುನಿಟ್ ಮೂಲಕ ಪತ್ರ ಬರೆಯುವುದು. ಯೂನಿಫಾರ್ಮ್‌ನಲ್ಲಿ ಇರುವಾಗ ಯುನಿಟ್‌ನ ಪತ್ರಕ್ಕೆ ಬೆಲೆ ಇದೆ. ಆಚೆ ಬಂದ ಮೇಲೆ ನಾವು ಗೇಟಿನ ಹೊರಗೆ ನಿಂತ ಅರ್ಜಿದಾರರು, ಅಷ್ಟೇ.

ಪತ್ರದಲ್ಲಿ ನಂಬರ್ ತಪ್ಪಬಾರದು. ಆರ್ಮಿ ನಂಬರಿನ ಕೊನೆಗೆ ಒಂದು ಅಕ್ಷರ ಇರುತ್ತದಲ್ಲ, ಅದನ್ನು ಬಿಟ್ಟು ಬರೆಯುವವರೇ ಜಾಸ್ತಿ. ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ಪಾಡು. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬಿಡಿಸಿ ಬರೆದು ಅಪ್ಪನ ಹೆಸರೇ ಮಗನ ಹೆಸರಾಗಿರುತ್ತದೆ. ಒಬ್ಬನೇ ಬಸವರಾಜನಿಗೆ ಮೂರು ಸ್ಪೆಲಿಂಗ್ ನೋಡಿದ್ದೇನೆ. ಇದನ್ನು ಸರಿಮಾಡಿಸಲು ಹಿಡಿದಷ್ಟು ಸಮಯ ಕಾಗದ ತರಿಸಲು ಹಿಡಿಯಲಿಲ್ಲ.

ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಪೆಟ್ಟು ಬಿದ್ದಿದ್ದರೆ ಇಂಜುರಿ ರಿಪೋರ್ಟ್ (ಐಎಎಫ್‌ವೈ-2006 ಫಾರ್ಮ್), ಕ್ಯಾಟಗರಿ ಇಳಿದಿದ್ದರೆ ಅದನ್ನು ಇಳಿಸಿದ ಮೆಡಿಕಲ್ ಬೋರ್ಡಿನ ಎಎಫ್‌ಎಂಎಸ್‌ಎಫ್-15 ಫಾರ್ಮ್. ಇವು ಮುಖ್ಯ. ಸೇರುವಾಗ ಆದ ಮೆಡಿಕಲ್‌ನ ಪ್ರತಿ ಸಿಕ್ಕರೆ ಅದೂ ಬೇಕು. ಸೇರುವಾಗ ಬರೆದಿರದ ಕಾಯಿಲೆ ಆಮೇಲೆ ಬಂದರೆ ಅದು ನೌಕರಿಯಿಂದಲೇ ಬಂದದ್ದು ಅಂತ ಹಿಡಿಯಬೇಕು, ಅಲ್ಲ ಅನ್ನುವುದಾದರೆ ಸೈನ್ಯವೇ ತೋರಿಸಬೇಕು ಅಂತ 2013ರಲ್ಲಿ ಧರ್ಮವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಹಳೇ ಹಾಳೆಗೆ ಅಷ್ಟು ಬೆಲೆ.

ಇಸಿಜಿ ಬಗ್ಗೆ ಒಂದು ಮಾತು. ಆ ಕಾಗದದ ಗೆರೆ ಕೆಲವು ವರ್ಷದಲ್ಲಿ ಮಾಸಿಹೋಗುತ್ತದೆ. ತಕ್ಷಣ ಜೆರಾಕ್ಸ್ ಮಾಡಿಸಬೇಕು. ಒಬ್ಬರು ಜೋಪಾನ ಮಾಡೋಣ ಅಂತ ಲ್ಯಾಮಿನೇಷನ್ ಮಾಡಿಸಿದರು. ಬಿಸಿಗೆ ಇಡೀ ಹಾಳೆ ಕಪ್ಪಾಯಿತು.

ಎಲ್ಲಕ್ಕಿಂತ ಹೆಚ್ಚು ಎಡವುವುದು ರಿಲೀಸ್ ಮೆಡಿಕಲ್ ಬೋರ್ಡಿನಲ್ಲಿ, ಅಂದರೆ ಮನೆಗೆ ಕಳಿಸುವ ಮುಂಚೆ ಡಾಕ್ಟರುಗಳು ನೋಡುವ ಬೋರ್ಡಿನಲ್ಲಿ, ಎಎಫ್‌ಎಂಎಸ್‌ಎಫ್-16 ಫಾರ್ಮ್. ಅದರಲ್ಲಿ ನಾವೇ ಕೊಡಬೇಕಾದ ಹೇಳಿಕೆ ಇರುತ್ತದೆ. ಎಲ್ಲೆಲ್ಲಿ ಪೋಸ್ಟಿಂಗ್, ಯಾವುದು ಫೀಲ್ಡ್ (ಗಡಿಯಂಥ ಕಷ್ಟದ ಜಾಗ), ಯಾವುದು ಪೀಸ್ (ಶಾಂತಿಯ ಜಾಗ), ಕಾಯಿಲೆ ಸೇರುವ ಮೊದಲೇ ಇತ್ತಾ. ಹೆಚ್ಚಿನವರು ಬರೆಯುವವನ ಕೈಗೆ ಕೊಟ್ಟು, ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲೋ ಹಿಂದಿಯಲ್ಲೋ ಓದಿ ಹೇಳಿ ಆಮೇಲೆ ಪೆನ್ನು ಕೊಡುತ್ತಿದ್ದೆ. ಹೃದಯದ ತೊಂದರೆ ಇದ್ದವರಿಗೆ, ಅದು ಶುರುವಾಗುವ ಮುಂಚಿನ 14 ದಿನ ಏನು ಡ್ಯೂಟಿ ಮಾಡಿದ್ದರು ಅನ್ನುವುದನ್ನೂ ಯುನಿಟ್‌ನಿಂದ ಬರೆಸಬೇಕು. ಅದಿಲ್ಲದಿದ್ದರೆ ಬೋರ್ಡು ಸಾಮಾನ್ಯವಾಗಿ 'ನಾನಾ' (NANA) ಅಂತ ಹೊಡೆಯುತ್ತದೆ. ಕನ್ನಡದಲ್ಲಿ ನಾನಾ ಅಂದರೆ ಹಲವು. ಇಲ್ಲಿ ಹಾಗಲ್ಲ, ನೌಕರಿಯಿಂದ ಬಂದದ್ದೂ ಅಲ್ಲ, ನೌಕರಿಯಿಂದ ಹೆಚ್ಚಾದದ್ದೂ ಅಲ್ಲ ಅಂತ. ಆ ನಾಲ್ಕಕ್ಷರದ ಇಂಗ್ಲಿಷ್ ಬಿದ್ದರೆ ಡಿಸೆಬಿಲಿಟಿ ಪೆನ್ಷನ್‌ಗೆ ಕಲ್ಲು ಬಿತ್ತು ಅಂತಲೇ ಲೆಕ್ಕ.

ಬೋರ್ಡಿನ ಪ್ರತಿ ಕೈಗೆ ಸಿಕ್ಕ ಮೇಲೆ ಎರಡು ಫೈಲ್ ಮಾಡಿಸುತ್ತಿದ್ದೆ. ದಪ್ಪದ್ದು ಪೆನ್ಷನ್‌ಗೆ. ತೆಳ್ಳಗಿನದು, ನಾಲ್ಕೈದು ಹಾಳೆ, ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಡಾಕ್ಟರಿಗೆ. ಅವರಿಗೆ ಈಗ ಏನು ಮಾತ್ರೆ ನಡೆಯುತ್ತಿದೆ, ಯಾವ ಆಪರೇಷನ್ ಆಗಿದೆ, ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದು ಮೊದಲು ಬೇಕು. ಮನಸ್ಸಿನ ಕಾಯಿಲೆಯ ಕಾಗದ ಇದ್ದರೆ ಲಕೋಟೆಗೆ ಅಂಟು ಹಾಕಿ ಅವರ ಕೈಗೇ ಕೊಡುತ್ತಿದ್ದೆ. ಆಫೀಸಿನ ಮೇಜಿನ ಮೇಲೆ ಬಿಟ್ಟರೆ ಸಂಜೆಯೊಳಗೆ ಲಂಗರಿನಲ್ಲಿ (ಯುನಿಟ್‌ನ ಅಡುಗೆಮನೆಯಲ್ಲಿ) ಸುದ್ದಿ.

ಇಷ್ಟೆಲ್ಲ ಮಾಡಿದವನು ನಾನು. ನನ್ನದೇ ಸರದಿ ಬಂತು. ಎಡ ಮೊಣಕಾಲು ವರ್ಷಗಳಿಂದ ನೋವು, ಸ್ಟ್ರೆಚರ್ ಹೊತ್ತು ಇಳಿಜಾರಿನಲ್ಲಿ ಬರುವಾಗ ತಿರುಚಿದ್ದು. ನನಗೆ ನಾನೇ ಪಟ್ಟಿ ಕಟ್ಟಿಕೊಂಡಿದ್ದೆ. ಇಂಜುರಿ ರಿಪೋರ್ಟ್ ಮಾಡಿಸಿರಲಿಲ್ಲ. ಹಳೇ ಸಿಕ್ ರಿಪೋರ್ಟ್ ರಿಜಿಸ್ಟರ್ ಹುಡುಕಿ ಆ ಪುಟದ ಪ್ರತಿ ತಂದು ಬೋರ್ಡಿನ ಮುಂದೆ ಇಟ್ಟೆ. ಇದ್ದದ್ದು ಒಂದೇ ಸಾಲು: "ಮೊಣಕಾಲು ನೋವು, ಮಾತ್ರೆ ಕೊಟ್ಟಿದೆ." ಯಾವ ಕಾಲು, ಎಲ್ಲಿ, ಹೇಗೆ, ಏನೂ ಇಲ್ಲ.

ಡಾಕ್ಟರ್ ಸಾಹೇಬರು ಕನ್ನಡಕ ಮೇಲೆ ಮಾಡಿ ಕೇಳಿದರು, "ಇದನ್ನು ಬರೆದವರು ಯಾರಪ್ಪಾ?"

"ನಾನೇ ಸರ್" ಅಂದೆ.