ಸೇವೆಗೆ ಹೋದ ಕುಟುಂಬಕ್ಕೆ ಒಂದು ಭಾನುವಾರ: ಉಗಾಂಡಾದ ಜಿಂಜಾದಲ್ಲಿ ಬಿಡುವಿನ ದಿನ ಕಳೆಯುವ ಬಗೆ

ಮಕ್ಕಳನ್ನು ಕರೆದುಕೊಂಡು ಜಿಂಜಾದ ಶಾಲೆಗಳಿಗೆ ಸೇವೆಗೆ ಹೊರಟವರಿಗೆ ನನ್ನ ಮೊದಲ ಮಾತು ಇದು: ವಾರಕ್ಕೊಂದು ದಿನ ಪೂರ್ತಿ ಬಿಡುವು ತೆಗೆದುಕೊಳ್ಳಿ. ಭಾನುವಾರವೇ ಸರಿ. "ಕೆಲಸ ಮಾಡೋಕೆ ಅಂತ ಇಷ್ಟು ದೂರ ಬಂದು ಸುಮ್ನೆ ಕೂರೋದಾ?" ಅಂತ ನಮ್ಮ ಯಜಮಾನರು ಕೇಳಿದ್ದರು. ಆದರೆ ನಾವು ಶಾಲೆಗೆ ಹೋದರೆ ಬೀಗ ತೆಗೆಯುವವರು ಬರಬೇಕು, ಅಡುಗೆಯಾಕೆ ಬರಬೇಕು, ಒಬ್ಬ ಟೀಚರಾದರೂ ಬರಬೇಕು. ಅವರಿಗೆ ಭಾನುವಾರ ಚರ್ಚ್ ಇದೆ, ಮನೆ ಇದೆ, ವಾರದ ಬಟ್ಟೆ ಒಗೆಯುವುದಿದೆ. ನಾವು ಮನೆಯಲ್ಲಿ ಕೂತರೆ ತಾನೇ ಅವರಿಗೂ ಬಿಡುವು? ಹಾಗಾಗಿ ಶನಿವಾರ ಮಧ್ಯಾಹ್ನವೇ ಹೇಳಿಬಿಡಿ, ನಾಳೆ ನಮ್ಮ ಊಟ ನಾವೇ ನೋಡಿಕೊಳ್ಳುತ್ತೇವೆ ಅಂತ.

ಹೇಳಿದ ಮೇಲೆ ಶನಿವಾರವೇ ಮಾರ್ಕೆಟ್‌ಗೆ ಹೋಗಿ ಬನ್ನಿ. ಭಾನುವಾರ ಮೇನ್ ಸ್ಟ್ರೀಟಿನಲ್ಲಿ ಬಹಳ ಅಂಗಡಿ ಮುಚ್ಚಿರುತ್ತವೆ. ಬೆಣ್ಣೆಹಣ್ಣು, ಪುಟ್ಟ ಬಾಳೆಹಣ್ಣು, ಟೊಮೆಟೊ, ಮೊಟ್ಟೆ, ಹುರಿದ ಶೇಂಗಾ ಸಾಕು. ಹಲಸಿನ ಹಣ್ಣು ಕಂಡರೆ ಬಿಡಬೇಡಿ, ಅಲ್ಲಿ ತುಂಬಾ ಚೆನ್ನಾಗಿರುತ್ತದೆ. ಕುಡಿಯುವ ನೀರು ರಾತ್ರಿಯೇ ಕುದಿಸಿಟ್ಟುಕೊಳ್ಳಿ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಫೋನ್ ಮತ್ತು ಟಾರ್ಚ್ ಚಾರ್ಜ್ ಆಗಿರಲಿ.

ಭಾನುವಾರ ಯಾರನ್ನೂ ಎಬ್ಬಿಸಬೇಡಿ. ಆದರೆ ಮಲೇರಿಯಾ ಮಾತ್ರೆ ಮರೆಯುವುದೂ ಇದೇ ದಿನ. ತಡವಾಗಿ ಎದ್ದು, ತಿಂಡಿಯೂ ತಡವಾಗಿ, ಮಾತ್ರೆ ಹಾಗೇ ಉಳಿದುಬಿಡುತ್ತದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ತೆಗೆದುಕೊಳ್ಳುವವರು ದಿನವೂ ಅದೇ ಹೊತ್ತಿಗೆ, ಏನಾದರೂ ತಿಂದು ನುಂಗಬೇಕು. ನಾನು ಮಾತ್ರೆಯ ಹಾಳೆಯನ್ನು ಬ್ರೆಡ್ ಪೊಟ್ಟಣಕ್ಕೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುತ್ತಿದ್ದೆ. ಡಾಕ್ಟರು ವಾರಕ್ಕೊಂದರ ಮೆಫ್ಲೋಕ್ವಿನ್ ಕೊಟ್ಟಿದ್ದರೆ, ಆ ಒಂದು ದಿನ ಭಾನುವಾರವೇ ಆಗುವಂತೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಊರಿಗೆ ಫೋನ್ ಮಾಡಲು ಬೆಳಗಿನ ಹೊತ್ತೇ ಒಳ್ಳೆಯದು. ಭಾರತಕ್ಕಿಂತ ಅಲ್ಲಿ ಎರಡೂವರೆ ಗಂಟೆ ಹಿಂದೆ. ನಿಮ್ಮ ಎಂಟು ಗಂಟೆಗೆ ಅಜ್ಜಿ-ತಾತ ತಿಂಡಿ ಮುಗಿಸಿ ಕಾಯುತ್ತಿರುತ್ತಾರೆ.

ಇನ್ನು ಬಟ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಡೆ ಮ್ಯಾಂಗೋ ಫ್ಲೈ ಅನ್ನುವ ನೊಣ ಇದೆ. ಹೊರಗೆ ಒಣಗಲು ಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ತೊಟ್ಟಾಗ ಮರಿಹುಳು ಚರ್ಮದೊಳಗೆ ಹೊಕ್ಕು ಕುರುವಿನ ಹಾಗೆ ಊದಿಕೊಳ್ಳುತ್ತದೆ. ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಮಕ್ಕಳು ಹೆದರಿ ಹೋಗುತ್ತಾರೆ. ತಪ್ಪಿಸುವುದು ಸುಲಭ. ಕಿಟಕಿಗೆ ಜಾಲರಿ ಇರುವ ಕೋಣೆಯಲ್ಲಿ ಒಣಗಿಸಿ. ಹೊರಗೇ ಹಾಕಿದ್ದರೆ ಪ್ರತಿ ಬಟ್ಟೆಗೂ ಎರಡೂ ಕಡೆ ಬಿಸಿ ಇಸ್ತ್ರಿ ಹಾಕಿ. ಒಳಬಟ್ಟೆ, ಟವೆಲ್, ದಿಂಬಿನ ಕವರ್ ಯಾವುದನ್ನೂ ಬಿಡಬೇಡಿ. ಹೊಲಿಗೆ ಮತ್ತು ಇಲಾಸ್ಟಿಕ್ ಇರುವ ಜಾಗವನ್ನು ಚೆನ್ನಾಗಿ ಒತ್ತಿ. ನಮ್ಮಲ್ಲಿ ಮಗಳು ಮಡಿಸುವುದು, ಯಜಮಾನರು ಇಸ್ತ್ರಿ ಹಾಕುವುದು, ನಾನು ಹಲಸಿನ ತೊಳೆ ಬಿಡಿಸುವುದು. ದೂರದ ಚರ್ಚಿನ ಹಾಡು ಲೌಡ್‌ಸ್ಪೀಕರಿನಲ್ಲಿ ಕೇಳುತ್ತಿರುತ್ತಿತ್ತು. ಮೂವರೂ ಒಂದೇ ಕಡೆ ಕೂತು ಮಾತಾಡುತ್ತಾ ಮಾಡುವುದರಿಂದ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ.

ಮಧ್ಯಾಹ್ನ ಬಿಸಿಲು ಜೋರು. ಊಟ ಮುಗಿಸಿ ಸೊಳ್ಳೆಪರದೆ ಒಳಗೇ ಮಲಗಿ. ಮಕ್ಕಳಿಗೆ ಈ ಹೊತ್ತು ಬಹಳ ಮುಖ್ಯ. ವಾರವಿಡೀ ಎಲ್ಲರೂ ಅವರನ್ನೇ ನೋಡುತ್ತಿರುತ್ತಾರೆ, ಕೂದಲು ಮುಟ್ಟುತ್ತಾರೆ, ಹೆಸರು ಕೇಳುತ್ತಾರೆ. ಪ್ರೀತಿಯಿಂದಲೇ, ಆದರೂ ಮಗು ಸುಸ್ತಾಗುತ್ತದೆ. ಮಗ ಗೋಡೆ ಕಡೆ ಮುಖ ಮಾಡಿ ತನ್ನ ಪುಸ್ತಕ ಓದುತ್ತಿದ್ದರೆ ಹೊರಗೆ ಆಡಲು ಕಳಿಸಬೇಡಿ. ಅವನಿಗೆ ಬೇಕಾಗಿರುವುದು ಅದೇ.

ನಾಲ್ಕು ಗಂಟೆಗೆ ಒಂದೇ ಒಂದು ಸುತ್ತಾಟ, ಅದೂ ಹತ್ತಿರಕ್ಕೆ. ಮರ್ಚಿಸನ್ ಫಾಲ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಆನೆ, ಜಿರಾಫೆ ನೋಡೋಣ ಅಂತ ಆಸೆಯಾಗುತ್ತದೆ. ಆದರೆ ಜಿಂಜಾದಿಂದ ಹೊರಟರೆ ಹಗಲೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಅದನ್ನು ಕೆಲಸ ಮುಗಿದ ಮೇಲೆ ಬೇರೆಯಾಗಿ ಇಟ್ಟುಕೊಳ್ಳಿ. ರಾಫ್ಟಿಂಗೂ ಅಷ್ಟೇ. ಭಾನುವಾರಕ್ಕೆ ನೈಲ್ ನದಿಯ ದಡ ಸಾಕು.

ಹೋಗಲು ಬೋಡಾ-ಬೋಡಾ ಅನ್ನುವ ಬಾಡಿಗೆ ಬೈಕ್ ಹತ್ತಬೇಡಿ, ಮಕ್ಕಳಿದ್ದಾಗಂತೂ ಬೇಡವೇ ಬೇಡ. ಸ್ಪೆಷಲ್ ಹೈರ್, ಅಂದರೆ ನಮಗಷ್ಟೇ ಬರುವ ಬಾಡಿಗೆ ಕಾರು ಹೇಳಿ, ಹೋಗಿ ಬರುವ ಬಾಡಿಗೆಯನ್ನು ಶಿಲ್ಲಿಂಗ್‌ನಲ್ಲಿ ಮೊದಲೇ ಮಾತಾಡಿ. ಅಲ್ಲಿ ಆಡುವ ಲುಗಾಂಡ ಭಾಷೆಯಲ್ಲಿ ಬೆಳಗಿನ ಏಳನ್ನು ಒಂದು ಗಂಟೆ ಅಂತ ಎಣಿಸುತ್ತಾರೆ, ಆದ್ದರಿಂದ ಹೊತ್ತನ್ನು ಡ್ರೈವರ್ ಹತ್ತಿರ ಎರಡು ಸಲ ಖಚಿತ ಮಾಡಿಕೊಳ್ಳಿ.

ವಿಕ್ಟೋರಿಯಾ ಸರೋವರದಿಂದ ನೈಲ್ ಹೊರಬೀಳುವ ಜಾಗ ಊರಿನ ಅಂಚಿನಲ್ಲೇ ಇದೆ. 1862ರಲ್ಲಿ ನೈಲ್‌ನ ಮೂಲ ಹುಡುಕುತ್ತಾ ಇಂಗ್ಲೆಂಡಿನ ಅನ್ವೇಷಕ ಸ್ಪೀಕ್ ಬಂದು ನೋಡಿದ ರಿಪನ್ ಜಲಪಾತ ಈಗ ಕಾಣುವುದಿಲ್ಲ. 1954ರಲ್ಲಿ ಉದ್ಘಾಟನೆಯಾದ ಓವೆನ್ ಫಾಲ್ಸ್ ಅಣೆಕಟ್ಟಿನಿಂದ ಅದು ಮುಳುಗಿತು. ಆ ಅಣೆಕಟ್ಟಿಗೆ ಈಗ ನಾಲುಬಾಲೆ ಅಂತ ಹೆಸರು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಇಲ್ಲೇ ನೀರಿಗೆ ಬಿಟ್ಟರು. 1997ರಲ್ಲಿ ಆಗಿನ ಪ್ರಧಾನಿ ಐ. ಕೆ. ಗುಜ್ರಾಲ್ ಅನಾವರಣ ಮಾಡಿದ ಗಾಂಧಿ ಪ್ರತಿಮೆ ದಡದಲ್ಲಿದೆ. ಮಕ್ಕಳನ್ನು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ಇಷ್ಟು ದೂರದಲ್ಲಿ ಗಾಂಧೀಜಿ ಸಿಕ್ಕಿದ್ದು ನನ್ನ ಮಗನಿಗೆ ಎಷ್ಟು ಖುಷಿ ಕೊಟ್ಟಿತು ಅಂದರೆ, ಈ ನೀರು ಈಜಿಪ್ಟ್ ದಾಟಿ ಸಮುದ್ರ ಸೇರುವವರೆಗಿನ ದಾರಿಯನ್ನು ಅವನೇ ಮ್ಯಾಪಿನಲ್ಲಿ ಬೆರಳಿಟ್ಟು ಹುಡುಕಿದ.

ದೋಣಿ ಹತ್ತುವುದಾದರೆ ಎಲ್ಲರಿಗೂ ಲೈಫ್ ಜಾಕೆಟ್ ಬೇಕು. ಇಲ್ಲ ಅಂದರೆ ಹತ್ತಬೇಡಿ. ದಡದ ನೀರಿಗೆ ಕಾಲು ಇಳಿಬಿಡಲು ಮಕ್ಕಳನ್ನು ಬಿಡಬೇಡಿ. ವಿಕ್ಟೋರಿಯಾ ಸರೋವರದ ನೀರಿನಿಂದ ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ ಬರುತ್ತದೆ. ನೀರಿನ ಬಸವನಹುಳುವಿನಿಂದ ಹೊರಬರುವ ಸಣ್ಣ ಹುಳು ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ನೋಡಲು ನೀರು ತಿಳಿಯಾಗಿದ್ದರೂ ಭರವಸೆ ಇಲ್ಲ. ಕಾಲು ಇಟ್ಟಾಗಿದೆ ಅಂದರೆ, ವಾಪಸ್ ಬಂದ ಮೇಲೆ ಡಾಕ್ಟರಿಗೆ ಹೇಳಿ. ಪರೀಕ್ಷೆ ಇದೆ, ಔಷಧಿಯೂ ಇದೆ.

ಭೂಮಧ್ಯರೇಖೆ ಹತ್ತಿರವಾದ್ದರಿಂದ ವರ್ಷವಿಡೀ ಏಳರ ಆಸುಪಾಸಿಗೆ ಕತ್ತಲಾಗುತ್ತದೆ, ಅದೂ ಬೇಗ ಬೇಗ. ಆರೂವರೆಗೆ ಹೊರಟುಬಿಡಿ. ದಾರಿಯಲ್ಲಿ ರೋಲೆಕ್ಸ್ ಕಟ್ಟಿಸಿಕೊಳ್ಳಿ: ಚಪಾತಿಯೊಳಗೆ ಆಮ್ಲೆಟ್, ಟೊಮೆಟೊ, ಎಲೆಕೋಸು ಸುತ್ತಿ ಕೊಡುತ್ತಾರೆ. ಎದುರಿಗೇ ಬಿಸಿಬಿಸಿಯಾಗಿ ಮಾಡಿಸಿ. ಮೊಟ್ಟೆ ತಿನ್ನದವರಿಗೆ ಚಪಾತಿ, ಬೀನ್ಸ್ ಸಿಗುತ್ತದೆ. ರಾತ್ರಿ ಅಡುಗೆಯ ಚಿಂತೆ ಇಲ್ಲ.

ಊಟವಾದ ಮೇಲೆ ಮಕ್ಕಳನ್ನು ಮಾತಾಡಿಸಿ. ವಾರದಲ್ಲಿ ನೋಡಿದ್ದೆಲ್ಲ ಅವರ ಮನಸ್ಸಿನಲ್ಲಿ ಕೂತಿರುತ್ತದೆ, ಹೇಳಲು ಹೊತ್ತು ಸಿಕ್ಕಿರುವುದಿಲ್ಲ. "ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಂತ ಮುಗಿಸುತ್ತಾರೆ. "ಈ ವಾರ ಯಾರ ಪಕ್ಕ ಕೂತಿದ್ದೆ?" ಅಂತ ಕೇಳಿ. ಹಾಗೆ ಕೇಳಿದಾಗಲೇ ನನ್ನ ಮಗಳು, ಪಕ್ಕದ ಹುಡುಗಿ ಯಾಕೆ ಮಧ್ಯಾಹ್ನದ ಮೇಲೆ ಶಾಲೆಯಲ್ಲಿ ಇರಲ್ಲ ಅಂತ ಕೇಳಿದ್ದು. ಪಾಪ ಬಡವರು ಅಂತ ನಾವೇ ಉತ್ತರ ಕಟ್ಟಿ ಹೇಳಬಾರದು. ಆ ಮನೆಯ ಸಂಗತಿ ನಮಗೆ ತಿಳಿದಿಲ್ಲ, ಎಲ್ಲವನ್ನೂ ತಿಳಿದುಕೊಳ್ಳುವ ಹಕ್ಕೂ ನಮಗಿಲ್ಲ. ಸೋಮವಾರ ಟೀಚರನ್ನು ಕೇಳೋಣ, ಅವರು ಹೇಳುವಷ್ಟನ್ನು ಕೇಳಿಸಿಕೊಳ್ಳೋಣ ಅಂತ ಹೇಳಿ. ಸೋಮವಾರ ಮರೆಯದೆ ಮಗಳನ್ನು ಜೊತೆಗೆ ಕರೆದುಕೊಂಡೇ ಹೋಗಿ ಕೇಳಿ.