ಓಡುವ ಪ್ಲೋವರ್ ಮಸುಕಾಗದಂತೆ ತೆಗೆದದ್ದು ಹೀಗೆ

ಉಡುಪಿ ಹತ್ತಿರದ ಕೋಡಿ ಬೆಂಗ್ರೆ (ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ), ಡಿಸೆಂಬರ್, ಬೆಳಗ್ಗೆ 7 ಗಂಟೆ. ಪ್ಲೋವರ್ ಅಂದರೆ ದಡದಲ್ಲಿ ಓಡಾಡುತ್ತಾ ಮೇಯುವ ಪುಟ್ಟ ಹಕ್ಕಿ. ಪ್ರತಿ ಫೋಟೋದಲ್ಲೂ ಒದ್ದೆ ಮರಳು ಚೂಪು, ಹಕ್ಕಿ ಮಸುಕು. ಜೊತೆಗೆ ಕಪ್ಪು.

ಟ್ರೈಪಾಡ್ ಹಾಕಿದೆ. ಓಡುವುದು ಹಕ್ಕಿ ಅಲ್ವಾ, ಪ್ರಯೋಜನವಾಗಲಿಲ್ಲ. ಶಟರ್ ವೇಗವನ್ನು ಕ್ಯಾಮೆರಾಗೇ ಬಿಡುವ ಅಪರ್ಚರ್ ಮೋಡ್‌ನಲ್ಲಿ ಶಟರ್ 1/200 ಸೆಕೆಂಡಿಗೆ ಇಳಿಯಿತು, ಓಡುವ ಹಕ್ಕಿಗೆ ಅದು ನಿಧಾನ. ಮನೆಯಲ್ಲಿ ಫೋಟೋದ ಬೆಳಕು ಏರಿಸಿದರೆ ಬರೀ ಕಾಳುಕಾಳು. ಹತ್ತಿರ ನಡೆದರೆ ಹಿಂಡೇ ಹಾರಿತು.

ಮೊದಲ ತಪ್ಪು ದಿಕ್ಕಿನದು. ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ನೆಲದ ಕಡೆ. ನಾನು ಅಲೆಯಂಚಿನಲ್ಲಿ ನಿಂತು ನದಿಯತ್ತ, ಅಂದರೆ ಸೂರ್ಯನ ಎದುರಿಗೆ ತೆಗೆಯುತ್ತಿದ್ದೆ; ಅದಕ್ಕೇ ಹಕ್ಕಿ ಕಪ್ಪು. ಈಗ ನದಿಗೆ ಬೆನ್ನು ಹಾಕಿ ಸಮುದ್ರದತ್ತ ತಿರುಗುತ್ತೇನೆ.

ಆಮೇಲೆ ಈ ಕ್ರಮ: ಕಡಲಿನ ಇಳಿತದ ಹೊತ್ತು ನೋಡಿಕೊಂಡು, ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಹೋಗಿ ಮರಳ ಮೇಲೆ ಬೋರಲು ಮಲಗುವುದು. ಲೆನ್ಸ್ ನೆಲದಿಂದ ಒಂದು ಗೇಣು ಮೇಲೆ, ಕೆಳಗೆ ಮರಳು ತುಂಬಿದ ಚೀಲ. ಇದೇ ಮುಖ್ಯ. ಕೆಳಗಿಂದ ನೋಡಿದರೆ ಹಿನ್ನೆಲೆ ದೂರ ಸರಿಯುತ್ತದೆ, ಫೋಕಸ್ ಹಕ್ಕಿಯನ್ನೇ ಹಿಡಿಯುತ್ತದೆ. ಅಲುಗಾಡದೆ ಸುಮ್ನೆ ಮಲಗಿದ್ದರೆ ಅವೇ ಮೇಯುತ್ತಾ ಹತ್ತಿರ ಬರುತ್ತವೆ.

ಸೆಟ್ಟಿಂಗ್: ಮ್ಯಾನ್ಯುವಲ್, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/6.3, ಆಟೋ ಐಎಸ್‌ಒ (ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬದಲಿಸುವ ಸಂವೇದನೆ) ಗರಿಷ್ಠ 3200, ಓಡುವ ಹಕ್ಕಿಯನ್ನು ಬೆನ್ನಟ್ಟುವ ನಿರಂತರ ಫೋಕಸ್, ಚಿಕ್ಕ ಫೋಕಸ್ ವಲಯ. ಬಿಸಿಲು ಬರುವ ಮೊದಲು ಶಟರ್ 1/500, ನಿಂತ ಹಕ್ಕಿ ಮಾತ್ರ. ಬಂದ ಮೇಲೆ 1/2000. ಮೊದಲು ಎಕ್ಸ್‌ಪೋಷರ್ (ಫೋಟೋದ ಬೆಳಕಿನ ಹೊಂದಿಕೆ) +0.7, ಬಿಸಿಲು ಬಿದ್ದು ಬಿಳಿ ಹೊಟ್ಟೆ ಕ್ಯಾಮೆರಾ ಪರದೆಯಲ್ಲಿ ಮಿನುಗಿದರೆ, ಅಂದರೆ ಬೆಳಕು ಅತಿಯಾದರೆ, −0.3.

ಒಂಬತ್ತರ ನಂತರ ಮರಳ ಬಿಸಿಗೆ ಗಾಳಿ ನಡುಗುತ್ತದೆ. ಆಗ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು.