ಒಂದು ಕಲ್ಲಿಗೆ ನಾಲ್ಕು ಹೆಸರು: ಇಲ್ಲದ ನಾಡಿಗೆ ಭಾಷೆ ಕಟ್ಟಿದ ಅನುಭವ

ನಾನು ಬರೆಯುವ ಕತೆಗಳ ನಾಡು ಎಲ್ಲೂ ಇಲ್ಲ. ಅಲ್ಲಿ ಒಂದು ನದಿ ಇದೆ. ನದಿ ಹುಟ್ಟುವ ಮಲೆ, ನಡುವೆ ರಾಜಧಾನಿ, ಕೆಳಗೆ ಕರಾವಳಿ, ಅದರಾಚೆ ಒಂದಷ್ಟು ದ್ವೀಪ. ನಮ್ಮ ಸೋಮವಾರಪೇಟೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಮತ್ತೆ ಯಾವಾಗ ಬರುತ್ತೋ ದೇವರೇ ಬಲ್ಲ. ಆ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಇಂಥ ನಕ್ಷೆ ಬರೆಯುವುದು ನನ್ನ ಚಟ. ನಕ್ಷೆ ಆದ ಮೇಲೆ ಊರಿಗೆ ಹೆಸರು ಬೇಕು, ಹೆಸರಿಗೆ ಭಾಷೆ ಬೇಕು. ಭಾಷೆ ಅಂದ ಮೇಲೆ ಅದಕ್ಕೊಂದು ಹಿಂದಿನ ಕಾಲ ಇರಬೇಕು, ನಾಡಿನ ಉದ್ದಕ್ಕೂ ಒಂದೇ ಥರ ಇರಬಾರದು, ಅಲ್ವಾ?

ಇಂಥ ಕತೆಗಳಲ್ಲಿ ಜಾಸ್ತಿ ಕಾಣುವ ದಾರಿ ಒಂದಿದೆ. ಮೊದಲು ರಾಜಧಾನಿಯ ‘ಶುದ್ಧ’ ಭಾಷೆ ಮಾಡುತ್ತಾರೆ. ಆಮೇಲೆ ಅದರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಕಿತ್ತು ಹಳ್ಳಿಯವರ ಬಾಯಿಗೆ ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಹಳ್ಳಿಯ ಮಾತು ಪೇಟೆಯ ಮಾತು ಕೆಟ್ಟು ಆದದ್ದಲ್ಲ. ಎರಡೂ ಒಂದೇ ಹಳೆಯ ಮಾತಿನಿಂದ ಬಂದವು, ಎರಡೂ ಬದಲಾಗಿವೆ, ಬೇರೆ ಬೇರೆ ಕಡೆ ಬದಲಾಗಿವೆ, ಅಷ್ಟೇ.

ಕೊಡಗಿನಲ್ಲಿ ಇದಕ್ಕೆ ಪುಸ್ತಕ ಹುಡುಕಬೇಕಾಗಿಲ್ಲ. ನಾವು ಹುತ್ತರಿ ಅನ್ನುವ ಹೊಸ ಅಕ್ಕಿಯ ಹಬ್ಬವನ್ನು ಕೊಡವರು ಪುತ್ತರಿ ಅನ್ನುತ್ತಾರೆ. ಹಳಗನ್ನಡದ ಪಾಲ್, ಪೆಸರ್ ಎಲ್ಲ ನಮ್ಮಲ್ಲಿ ಹಾಲು, ಹೆಸರು ಆದವು. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ಆ ಪ ಹಾಗೇ ಉಳಿಯಿತು. ಇಷ್ಟು ನೋಡಿ ‘ಕೊಡವ ತಕ್ಕ್ ಹಳೆಯದು, ಕನ್ನಡ ಹೊಸದು’ ಅಂದುಬಿಡುವವರಿದ್ದಾರೆ. ಆದರೆ ಪೆಣ್ ಅನ್ನುವ ಪದ ತಗೊಳ್ಳಿ. ಕನ್ನಡ ಪ ಬಿಟ್ಟು ಎ ಉಳಿಸಿಕೊಂಡು ಹೆಣ್ಣು ಅಂದಿತು. ಕೊಡವ ತಕ್ಕ್ ಪ ಉಳಿಸಿಕೊಂಡು ಎ ಬಿಟ್ಟಿತು, ಅಲ್ಲಿ ಅದು ಪೊಣ್ಣ್. ಅಷ್ಟೇ ಅಲ್ಲ, ಕನ್ನಡದಲ್ಲಿ ಇಲ್ಲದ ಎರಡು ಬಗೆಯ ಸ್ವರಗಳು ಅದರಲ್ಲಿವೆ. ಟ, ಡ, ಣ, ಳ ಥರದ ಅಕ್ಷರಗಳಿಗಿಂತ ಮೊದಲು ಬಂದ ಹಳೆಯ ಇ, ಎ ನಾಲಿಗೆಯ ನಡುವಿಗೆ ಸರಿದು ಹುಟ್ಟಿದವು ಅವು. 1930ರ ದಶಕದಲ್ಲಿ ಕೊಡಗಿಗೆ ಬಂದಿದ್ದ ಭಾಷಾವಿಜ್ಞಾನಿ ಎಂ. ಬಿ. ಎಮೆನೋ ಇವುಗಳ ಬಗ್ಗೆ ಬರೆದಿದ್ದಾರೆ. ಅಂದರೆ ಒಂದು ಕಡೆ ಹಳತು ಉಳಿದರೆ ಇನ್ನೊಂದು ಕಡೆ ಹೊಸತು ನುಗ್ಗಿರುತ್ತದೆ. ನನ್ನ ಕತೆಯ ಮಲೆಯವರಿಗೂ ಇದೇ ನ್ಯಾಯ ಅಂತ ಗಟ್ಟಿ ಮಾಡಿಕೊಂಡೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಯಾರೂ ಈಗ ಆಡದ ಒಂದು ತಾಯಿ ಭಾಷೆ ಮಾಡಿದೆ. ಅದಕ್ಕೆ ಹೆಸರೂ ಇಡಲಿಲ್ಲ, ‘ಹಳೆಮಾತು’ ಅಂತ ಬರೆದುಕೊಂಡೆ. ಐದೇ ಸ್ವರ, ಕೆಲವೇ ವ್ಯಂಜನ. ಪದಗಳು ಚಿಕ್ಕವು: ಕಲ್ಲು, ನೀರು, ಮನೆ, ತಾಯಿ, ಬೆಂಕಿ, ಎಣಿಕೆ. ವ್ಯಾಕರಣವೂ ಸರಳ. ಒಂದಕ್ಕಿಂತ ಹೆಚ್ಚು ಇದ್ದರೆ ಕೊನೆಯ ಸ್ವರದ ಜಾಗದಲ್ಲಿ ಇ ಬರುತ್ತದೆ. ‘ದೊಕ’ ಅಂದರೆ ಮನೆ, ‘ದೊಕಿ’ ಅಂದರೆ ಮನೆಗಳು. ‘ರಕಿ’ ಅಂದರೆ ಕಲ್ಲು.

ಆಮೇಲೆ ಬದಲಾವಣೆಗಳ ಸರದಿ. ಇಲ್ಲಿ ಒಂದೇ ಕಟ್ಟುನಿಟ್ಟು: ನಿಯಮ ಅಂದ ಮೇಲೆ ಎಲ್ಲ ಪದಕ್ಕೂ ಹತ್ತಬೇಕು. ನನಗೆ ಇಷ್ಟವಾದ ಪದವನ್ನು ಕಾಪಾಡಿಕೊಳ್ಳುವ ಹಾಗಿಲ್ಲ. ಎರಡು ನಿಯಮ ತಗೊಂಡೆ. ಒಂದು, ಇ ಮತ್ತು ಎ ಮುಂದಿದ್ದರೆ ಕ ಹೋಗಿ ಚ ಆಗುತ್ತದೆ. ತಮಿಳಿನಲ್ಲಿ ಆದದ್ದೇ ಇದು. ನಮ್ಮ ಕೆವಿ, ಕಿವಿ ಅಲ್ಲಿ ಚೆವಿ. ಇನ್ನೊಂದು, ಪದದ ಕೊನೆಯ ಸ್ವರ ಉದುರುತ್ತದೆ.

ಮಜಾ ಇರುವುದು ಯಾವುದು ಮೊದಲು ಅನ್ನುವುದರಲ್ಲಿ. ಕರಾವಳಿಯಲ್ಲಿ ಕ ಮೊದಲು ಚ ಆಯಿತು: ರಕಿ ರಚಿ ಆಯಿತು. ಆಮೇಲೆ ಕೊನೆಯ ಸ್ವರ ಬಿದ್ದು ‘ರಚ್’ ಆಯಿತು. ದ್ವೀಪಗಳಲ್ಲಿ ಕೊನೆಯ ಸ್ವರವೇ ಮೊದಲು ಬಿತ್ತು: ರಕಿ ‘ರಕ್’ ಆಯಿತು. ಕ–ಚ ಬದಲಾವಣೆ ಹಡಗು ಹತ್ತಿ ಅಲ್ಲಿಗೆ ಬರುವ ಹೊತ್ತಿಗೆ ಅದು ಹಿಡಿಯಲು ಇ ಅನ್ನುವುದೇ ಇರಲಿಲ್ಲ. ನಿಯಮ ಎರಡೂ ಕಡೆ ಅವೇ ಎರಡು, ಸರದಿ ಮಾತ್ರ ಅದಲುಬದಲು. ಅಷ್ಟಕ್ಕೇ ಎರಡು ಆಡುಮಾತು ಹುಟ್ಟಿದವು.

ಇದನ್ನು ಮನೆ ಪದಕ್ಕೆ ಹಚ್ಚಿದಾಗ ನಾನೇ ಎದ್ದು ಕೂತೆ. ಕರಾವಳಿಯಲ್ಲಿ ದೊಕ ‘ದೊಕ್’ ಆಯಿತು, ದೊಕಿ ‘ದೊಚ್’ ಆಯಿತು. ಬಹುವಚನದ ಇ ಕಾಣೆಯಾಯಿತು, ಅದು ಬಂದು ಹೋದ ಗುರುತಾಗಿ ಚ ಉಳಿಯಿತು. ದ್ವೀಪದಲ್ಲಿ ಎರಡೂ ‘ದೊಕ್’. ಒಂದು ಮನೆಯೋ ಹತ್ತು ಮನೆಯೋ ಗೊತ್ತಾಗುವುದಿಲ್ಲ. ಜನ ಸುಮ್ನೆ ಇರುತ್ತಾರಾ? ಗುಂಪು ಅನ್ನುವ ‘ಮೊಲು’ ಪದವನ್ನು ಪಕ್ಕಕ್ಕೆ ಸೇರಿಸಿಕೊಂಡರು, ‘ದೊಕ್‌ಮೊಲ್’ ಅಂದರು. ಇದು ನಾನು ಕೂತು ಯೋಚಿಸಿ ಮಾಡಿದ ವ್ಯಾಕರಣವಲ್ಲ, ನಿಯಮ ಹಚ್ಚಿದಾಗ ಬೇಡವೆಂದರೂ ಬಂದದ್ದು. ನಿಜದ ಭಾಷೆಗಳಲ್ಲಿ ‘ಇದ್ಯಾಕೆ ಹೀಗೆ’ ಅನ್ನಿಸುವ ಎಷ್ಟೋ ಸಂಗತಿ ಹೀಗೇ ಹುಟ್ಟಿದೆ. ನಾವು ಬೀಳು ಅನ್ನುತ್ತೇವೆ, ಆದರೆ ಬಿದ್ದು. ಅಳು ಅನ್ನುತ್ತೇವೆ, ಆದರೆ ಅತ್ತು. ಇವುಗಳಲ್ಲಿ ಹಿಂದೆ ೞ ಅನ್ನುವ, ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರ ಇತ್ತು: ಬಿೞ್ದು, ಅೞ್ತು. ಸ್ವರದ ಜೊತೆಗಿದ್ದ ೞ ಹೋಗಿ ಳ ಆಯಿತು, ವ್ಯಂಜನಕ್ಕೆ ಅಂಟಿದ್ದ ೞ ಅದರಲ್ಲೇ ಕರಗಿತು.

ನಡುನಾಡಿಗೆ ಕ–ಚ ಬಂತು, ಸ್ವರ ಉದುರಲಿಲ್ಲ. ಅದರ ಮೇಲೆ ಇನ್ನೊಂದು ನಿಯಮ: ಎರಡು ಸ್ವರದ ನಡುವೆ ಸಿಕ್ಕಿದ ಕ, ಚ, ತ, ಪ ಹೋಗಿ ಗ, ಜ, ದ, ಬ. ಇಲ್ಲಿ ನಮ್ಮ ವರ್ಣಮಾಲೆ ತುಂಬಾ ಉಪಕಾರ ಮಾಡಿತು. ವರ್ಗೀಯ ವ್ಯಂಜನಗಳನ್ನು ಸಾಲಾಗಿ ಬರೆದರೆ ಮೊದಲ ಕಂಬದಿಂದ ಮೂರನೇ ಕಂಬಕ್ಕೆ ಸರಿದರೆ ಆಯಿತು. ಧ್ವನಿ ಬದಲಾವಣೆಗೆ ಬೇಕಾದ ನಕ್ಷೆಯನ್ನು ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿಸಿರುತ್ತಾರೆ, ನೋಡಿ. ಹಾಗೆ ರಕಿ ‘ರಜಿ’ ಆಯಿತು. ಮನೆ ‘ದೊಗ’, ಮನೆಗಳು ‘ದೊಜಿ’.

ಮಲೆಯಲ್ಲಿ ಕ ಹಾಗೇ ಉಳಿಯಿತು, ಕೊನೆಯ ಸ್ವರವೂ ಉಳಿಯಿತು. ಅದರ ಬದಲು ಮುಂದೆ ಇ ಬಂದರೆ ಹಿಂದಿನ ಅ, ಒ ಎರಡೂ ಎ ಆಗುತ್ತವೆ. ಕಲ್ಲು ‘ರೆಕಿ’. ಒಂದು ಮನೆ ದೊಕ, ಹಲವಾರು ಮನೆ ದೆಕಿ. ಇಂಗ್ಲಿಷಿನ ಫುಟ್–ಫೀಟ್ ಜೋಡಿ ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೇ. ಅಲ್ಲೂ ಬಹುವಚನದ ಪ್ರತ್ಯಯದಲ್ಲಿ ಒಂದು ಇ ಇತ್ತು. ಅದು ಹಿಂದಿನ ಸ್ವರವನ್ನು ತನ್ನ ಕಡೆ ಎಳೆದು, ಆಮೇಲೆ ತಾನು ಮಾಯವಾಯಿತು.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಒಂದು ಮಾತು. ಪದಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಹುಡುಕಿ–ಬದಲಿಸುವ ಕೆಲಸ ಕನ್ನಡ ಲಿಪಿಯಲ್ಲಿ ನೇರವಾಗಿ ಆಗುವುದಿಲ್ಲ. ‘ದೊಕ’ದ ಕೊನೆಯಲ್ಲಿ ಅ ಇದೆ, ಆದರೆ ಅದಕ್ಕೆ ಗುಣಿತದ ಗುರುತೇ ಇಲ್ಲ. ಇಲ್ಲದ್ದನ್ನು ಹೇಗೆ ಹುಡುಕೋದು? ನಾನು ಪ್ರತಿ ಪದವನ್ನೂ ದ್-ಒ-ಕ್-ಅ ಅಂತ ಬಿಡಿಸಿ ಬರೆದುಕೊಂಡೆ. ಒಂದೊಂದು ನಿಯಮಕ್ಕೆ ಒಂದೊಂದು ಕಾಲಂ, ಎಡದಿಂದ ಬಲಕ್ಕೆ ಕಾಲ ಸಾಗುತ್ತದೆ. ಸರದಿ ಬದಲಿಸಬೇಕಾದರೆ ಕಾಲಂ ಹಿಂದೆ ಮುಂದೆ ಮಾಡಿದರೆ ಸಾಕು.

ಎರವಲು ಪದಗಳು ಕಾಲ ತಿಳಿಸುತ್ತವೆ. ಸಂಸ್ಕೃತದ ಪರ್ವ ಬೇಗ ಬಂದು ನಮ್ಮದೇ ಆಗಿ ಹಬ್ಬ ಆಯಿತು. ಪೋರ್ಚುಗೀಸರಿಂದ ಬಂದ ಪಾದ್ರಿ ಮಾತ್ರ ಹಾದ್ರಿ ಆಗಲಿಲ್ಲ. ಅಷ್ಟು ಹೊತ್ತಿಗೆ ಪ–ಹ ಬದಲಾವಣೆ ಮುಗಿದಿತ್ತು. ನನ್ನ ಕರಾವಳಿಯಲ್ಲಿ ಸುಂಕಕ್ಕೆ ‘ಕೆರಸ’ ಅನ್ನುತ್ತಾರೆ. ಎ ಮುಂದಿದ್ದರೂ ಕ ಉಳಿದಿದೆ, ಕೊನೆಯ ಸ್ವರವೂ ಇದೆ. ಓದುವವರಿಗೆ ಹೇಳದಿದ್ದರೂ ನನಗೆ ಗೊತ್ತು: ಸುಂಕ ವಸೂಲಿ ಮಾಡುವವರು ಹೊರಗಿನಿಂದ ತಡವಾಗಿ ಬಂದವರು.

ಊರ ಹೆಸರಿನ ವಿಷಯದಲ್ಲಿ ಬ್ರಿಟಿಷರೇ ಪಾಠ. ಕೊಡಗು ಅವರ ಕೈಯಲ್ಲಿ ಕೂರ್ಗ್ ಆಯಿತು, ಮಡಿಕೇರಿ ಮರ್ಕರಾ ಆಯಿತು. ಎರಡರಲ್ಲೂ ನಮ್ಮ ಡ ಅವರಿಗೆ ರ ಆಗಿ ಕೇಳಿಸಿದೆ. ಸುಮ್ನೆ ಕೆಡಿಸಿದ್ದಲ್ಲ, ಒಂದು ಕ್ರಮದಲ್ಲೇ ತಪ್ಪಾಗಿ ಕೇಳಿಸಿಕೊಂಡಿದ್ದಾರೆ. ನನ್ನ ರಾಜಧಾನಿಯ ಕರಣಿಕರೂ ಮಲೆಯ ಊರುಗಳನ್ನು ಹೀಗೇ ಕ್ರಮವಾಗಿ ತಪ್ಪು ಬರೆಯುತ್ತಾರೆ. ನಕ್ಷೆಯಲ್ಲಿ ಇರುವುದು ಅವರು ಬರೆದ ಹೆಸರು, ಕತೆಯಲ್ಲಿ ಮಲೆಯವರು ಹೇಳುವುದು ಇನ್ನೊಂದು.

ಲಿಪಿಗೆ ಕುಶಾಲನಗರದ ಪಕ್ಕದ ಬೈಲುಕುಪ್ಪೆ ನೆನಪಾಯಿತು. ಟಿಬೆಟನ್ನರು ಎಂಟು ಅನ್ನುವ ಪದವನ್ನು ಬ, ರ, ಗ, ಯ, ದ ಎಲ್ಲ ಹಾಕಿ ಬರೆಯುತ್ತಾರೆ. ಲ್ಹಾಸಾ ಕಡೆಯ ಬಾಯಲ್ಲಿ ಅದು ಸುಮಾರಾಗಿ ‘ಗ್ಯೆ’. ಬರಹ ಸಾವಿರ ವರ್ಷದ ಹಿಂದಿನ ಉಚ್ಚಾರಕ್ಕೆ ನಿಂತುಬಿಟ್ಟಿದೆ, ಮಾತು ಮುಂದೆ ಹೋಗಿದೆ. ನನ್ನ ನಡುನಾಡಿನಲ್ಲೂ ‘ರಕಿ’ ಅಂತ ಬರೆದು ‘ರಜಿ’ ಅಂತ ಓದುತ್ತಾರೆ. ನಮ್ಮ ಕೇಶಿರಾಜನಂಥ ಒಬ್ಬ ವ್ಯಾಕರಣಕಾರನನ್ನೂ ಇಟ್ಟಿದ್ದೇನೆ. 13ನೇ ಶತಮಾನದ ಕೇಶಿರಾಜ ಯಾವ ಪದದಲ್ಲಿ ೞ ಬರಬೇಕು ಅಂತ ಪಟ್ಟಿಯನ್ನೇ ಕೊಟ್ಟ. ಜನ ಮರೆಯದಿದ್ದರೆ ಪಟ್ಟಿ ಯಾಕೆ ಬೇಕು?

ಜಾಸ್ತಿ ತಲೆ ತಿಂದದ್ದು ಗಡಿ ಗೆರೆ. ಇಲ್ಲಿಂದ ಇಲ್ಲಿಗೆ ಒಂದು ಆಡುಮಾತು, ಅಲ್ಲಿಂದಾಚೆ ಇನ್ನೊಂದು ಅಂತ ಬಣ್ಣ ಹಚ್ಚಿದರೆ ನೋಡಲು ಚೆನ್ನ, ನಿಜವಲ್ಲ. ಜರ್ಮನಿಯಲ್ಲಿ ಗಿಯೋರ್ಗ್ ವೆಂಕರ್ 1876ರಲ್ಲಿ ಶಾಲೆಯ ಮೇಷ್ಟ್ರುಗಳಿಗೆ ವಾಕ್ಯಗಳನ್ನು ಕಳಿಸಿ, ನಿಮ್ಮೂರ ಮಾತಿನಲ್ಲಿ ಬರೆದುಕೊಡಿ ಅಂತ ಕೇಳಲು ಶುರುಮಾಡಿದ. ಹಾಗೆ ಸಿಕ್ಕ ನಕ್ಷೆಗಳಲ್ಲಿ ರೈನ್ ನದಿಯ ಹತ್ತಿರ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಒಂದೇ ಬಗೆಯ ಬದಲಾವಣೆ ‘ನಾನು’ ಅನ್ನುವ ಪದದಲ್ಲಿ ಉತ್ತರಕ್ಕೆ ದೂರ ಹೋಗಿದೆ, ‘ಮಾಡು’ ಅನ್ನುವುದರಲ್ಲಿ ಅದಕ್ಕಿಂತ ಈಚೆ, ‘ಊರು’ ಅನ್ನುವುದರಲ್ಲಿ ಇನ್ನೂ ಈಚೆ ನಿಂತಿದೆ. ಅದಕ್ಕೇ ನನ್ನ ನಕ್ಷೆಯಲ್ಲಿ ಒಂದೊಂದು ನಿಯಮಕ್ಕೆ ಒಂದೊಂದು ಗೆರೆ. ಕ–ಚ ಗೆರೆ ಘಟ್ಟದ ಬುಡದವರೆಗೆ ಹೋಗುತ್ತದೆ, ಚ–ಜ ಗೆರೆ ಅದಕ್ಕೂ ಮುಂಚೆ ನಿಲ್ಲುತ್ತದೆ. ನಡುವಿನ ಕೆಲವು ಹಳ್ಳಿಗಳು ರಜಿಯೂ ಅನ್ನದೆ ರೆಕಿಯೂ ಅನ್ನದೆ ‘ರಚಿ’ ಅನ್ನುತ್ತವೆ. ಗೆರೆ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನಾನು ಬೆಟ್ಟಕ್ಕಿಂತ ಸಂತೆಯನ್ನು ಜಾಸ್ತಿ ನೋಡಿದೆ. ಎತ್ತಿನ ಗಾಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ ಮಾತು ಹರಡುತ್ತದೆ ಅಂತ ಲೆಕ್ಕ.

ಜಾಗ ಒಂದೇ ಸಾಲದು. ನಮ್ಮ ಕಡೆಯ ಒಂದು ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು, ಕನ್ನಡ ಎಲ್ಲ ಕಿವಿಗೆ ಬೀಳುತ್ತವೆ. ಒಂದೇ ಊರು, ಒಂದೇ ಅಂಗಡಿ. ಅದಕ್ಕೆ ರಾಜಧಾನಿಯ ಒಳಗೇ ಮಲೆಯಿಂದ ಇಳಿದು ಬಂದ ಕಲ್ಲುಕೆಲಸದವರ ಒಂದು ಕೇರಿ ಮಾಡಿದೆ. ಆ ಕೇರಿಯಲ್ಲಿ ಮೂರು ತಲೆಮಾರಾದರೂ ಕಲ್ಲಿಗೆ ರೆಕಿ ಅಂತಲೇ ಹೇಳುತ್ತಾರೆ, ಉಳಿದ ಮಾತು ಪೇಟೆಯದ್ದಾಗಿದೆ. ಕಸುಬಿನ ಪದ ಬೇಗ ಬಿಡುವುದಿಲ್ಲ.

ನನ್ನ ಕತೆಗಳನ್ನು ಮೊದಲು ಓದುವುದು ಅಕ್ಕ. “ಅಲ್ಲ ಕಣೋ, ಇವರೆಲ್ಲ ಕೊನೆಗೆ ಕನ್ನಡದಲ್ಲೇ ಮಾತಾಡ್ತಾರಲ್ಲ, ಈ ರಚ್ಚು ರಕ್ಕು ಎಲ್ಲ ಯಾರಿಗೆ?” ಅಂದಳು. ನ್ಯಾಯವಾದ ಪ್ರಶ್ನೆ. ಹೆಸರು, ಬೈಗುಳ, ಎಣಿಕೆ, ಹರಕೆ ಇಷ್ಟನ್ನು ಮಾತ್ರ ಆ ಭಾಷೆಯಲ್ಲೇ ಬಿಡುತ್ತೇನೆ. ಒಂದು ಕತೆಯಲ್ಲಿ ಸಹಿ ಇಲ್ಲದ ಕಾಗದದಲ್ಲಿ ‘ದೊಕ್‌ಮೊಲ್’ ಅಂತ ಇರುವುದರಿಂದಲೇ ಬರೆದವನು ದ್ವೀಪದವನು ಅಂತ ಸಿಕ್ಕಿಬೀಳುತ್ತಾನೆ.

ಉಳಿದ ಮಾತುಕತೆ ಕನ್ನಡದಲ್ಲಿ. ಮಲೆಯವರಿಗೆ ಕೊಡಗಿನ ಕನ್ನಡ, ಕರಾವಳಿಯವರಿಗೆ ಮಂಗಳೂರು ಕನ್ನಡ ಕೊಡುವುದು ಸುಲಭವಿತ್ತು. ಬೇಡ ಅಂದೆ. ಕೊಟ್ಟ ಕೂಡಲೇ ಓದುವವರು ಇಲ್ಲದ ನಾಡನ್ನು ಬಿಟ್ಟು ಇರುವ ಊರಿಗೆ ಬಂದುಬಿಡುತ್ತಾರೆ, ಜೊತೆಗೆ ಯಾರದೋ ಮಾತು ನಗೆಗೆ ಗುರಿಯಾಗುತ್ತದೆ. ಅದರ ಬದಲು ನೀನು–ನೀವು ಹಿಡಿದುಕೊಂಡೆ. ಮಲೆಯ ಮಾತಿನಲ್ಲಿ ಗೌರವದ ಬಹುವಚನ ಬೆಳೆಯಲೇ ಇಲ್ಲ, ಹಾಗಾಗಿ ಅಲ್ಲಿಯವರು ದೊರೆಗೂ ‘ನೀನು’ ಅನ್ನುತ್ತಾರೆ. ಎರಡನೇ ಕತೆಯ ಜಗಳ ಶುರುವಾಗುವುದೇ ಅದರಿಂದ. ದ್ವೀಪದವರ ಸರ್ವನಾಮಗಳು ಇನ್ನೂ ಬಾಕಿ ಇವೆ. ಕೊನೆಯ ಸ್ವರ ಉದುರಿ ‘ನಾನು’, ‘ನಾವು’ ಎರಡೂ ಒಂದೇ ಆಗಿ ಕೂತಿವೆ, ಈ ಮಳೆಗಾಲ ಅದನ್ನು ಬಿಡಿಸಬೇಕು.